ಬೀಸುವ ಪದ ಎಂದು ಹೇಳಿದ್ದೆ

ಸಂಜೆ ಕಾರ್ಖಾನೆಯ ಬಸ್ಸಿಳಿದು ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಮೊಬೈಲು ಕುಂಯ್ ಎನ್ನುತ್ತಿತ್ತು. ಆ ಎರಡು ವಾರ ದಿನವೂ ಅದೇ ಕತೆ. ಮಗಳು ಕಳಿಸಿದ ಫೋಟೋ, ಅದರಲ್ಲಿ ಯಾರೋ ಬರೆದ ಎರಡು ಸಾಲು ಕನ್ನಡ, ಕೆಳಗೆ ಅವಳ ಪ್ರಶ್ನೆ: ‘ಮಮ್ಮಿ, ಇದರಾಗ ಏನ್ ಬರದಾರ?’

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅದು ನನ್ನದೇ ತಪ್ಪು. ಅವಳು ಸಣ್ಣವಳಿದ್ದಾಗ ಬೇಸಿಗೆ ರಜೆಗೊಮ್ಮೆ ಕಲಿಸುತ್ತೇನೆ ಎನ್ನುತ್ತಿದ್ದೆ. ನಾಶಿಕದ ಬಳಿ ಓಝರಿನ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ನನ್ನ ಕೆಲಸ. ದಿನವಿಡೀ ನಿಂತು, ಅಳತೆ ನೋಡಿ, ಸಹಿ ಹಾಕಿ ಮನೆಗೆ ಬಂದರೆ ಅಆಇಈ ಹೇಳಿಕೊಡುವ ಜೀವ ಎಲ್ಲಿರುತ್ತದೆ? ಬೇಸಿಗೆಗಳು ಹೋದವು, ಹುಡುಗಿ ಮರಾಠಿ ಶಾಲೆ ಮುಗಿಸಿ ಸಂಭಾಜಿನಗರಕ್ಕೆ ಹೋದಳು. ಈಗ ಅಲ್ಲೊಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಉಳಿದ ಹೊತ್ತೆಲ್ಲ ಕಂಪ್ಯೂಟರಿನ ಮುಂದೆ ಕೂತು ಸಂಗೀತ ಮಾಡುತ್ತಾಳೆ. ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ಕಂತೆ. ನಮ್ಮನೆಯವರು ಅವಳ ಮೊದಲ ಆಲ್ಬಮ್ ಕೇಳಿ, ‘ಇದು ಹಾಡೋ, ನಮ್ಮ ವರ್ಕ್‌ಶಾಪಿನ ಕಂಪ್ರೆಸರ್ರೋ?’ ಎಂದು ಕೇಳಿ ಬೈಸಿಕೊಂಡಿದ್ದರು.

ಎರಡನೆಯ ಆಲ್ಬಮ್ ಬಂದಾಗ ಅವರೂ ಸುಮ್ಮನಾದರು. ಅದರ ಏಳನೆಯ ಹಾಡಿನಲ್ಲಿ ನನ್ನ ಅವ್ವ ಇದ್ದಳು.

ಅವ್ವ ತೀರಿಹೋಗಿ ಆಗ ಎರಡು ವರ್ಷ. ಕೊನೆಯ ದಿನಗಳನ್ನು ಬೀದರ್ ಕಡೆಯ ನಮ್ಮ ಹಳ್ಳಿ ಬಿಟ್ಟು ನಾಶಿಕದಲ್ಲಿ ನನ್ನ ಹತ್ತಿರವೇ ಕಳೆದಳು. ನೆನಪು ಪೂರ್ತಿ ಹೋಗಿತ್ತು. ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ತೂಗುತ್ತ ತೂಗುತ್ತ ಹಾಡುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಬಾಯಲ್ಲಿ ಹಲ್ಲಿಲ್ಲ, ಮಾತೆಲ್ಲ ಎಳೆದ ರಾಗದಲ್ಲಿ ಕರಗಿಹೋಗಿದೆ. ಮಗಳ ಕಿವಿಗೆ ಬಿದ್ದದ್ದು ‘ಜ್ವಾಳ’, ‘ಬೀಸಿದ’ ಎಂಬ ಎರಡು ಮೂರು ಮಾತು ಮಾತ್ರ.

‘ಮಮ್ಮಿ, ಅಜ್ಜಿ ಏನ್ ಹಾಡ್ಲತ್ತಾಳ? ಬೀಸೋ ಪದ ಅದ ಏನು?’ ಎಂದು ಕೇಳಿದಳು.

ಅವತ್ತು ರಜೆ ಇತ್ತು, ರಜೆಯಲ್ಲೂ ನನಗೆ ಬಿಡುವಿರಲಿಲ್ಲ. ಅವ್ವನ ಬಟ್ಟೆ ಎರಡನೆಯ ಸಲ ಒಗೆದು ಬಂದಿದ್ದೆ. ‘ಹೂಂ, ಬೀಸೋ ಪದ’ ಎಂದುಬಿಟ್ಟೆ. ಅಷ್ಟೇ. ಕಾರ್ಖಾನೆಯಲ್ಲಿ ಅಳತೆ ನೋಡದೆ ಒಂದು ಮೊಳೆಗೂ ಸಹಿ ಹಾಕಿದವಳಲ್ಲ ನಾನು. ಮನೆಯಲ್ಲಿ ಹಾಕಿದೆ.

ಅದು ಬೀಸುವ ಪದವಾಗಿರಲಿಲ್ಲ. ನಮ್ಮ ಕಡೆ ಯಾರಾದರೂ ಸತ್ತರೆ ಹೆಂಗಸರು ಮುಂದೆ ಕೂತು ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಕೈಕೆಲಸ, ನಡೆದ ದಾರಿ ಎಲ್ಲವನ್ನೂ ಒಂದೊಂದಾಗಿ ಎತ್ತಿ ಆಡುತ್ತಾರೆ. ಎಲ್ಲರಿಗೂ ಅದು ಬರುವುದಿಲ್ಲ. ನನ್ನ ಅವ್ವನಿಗೆ ಬರುತ್ತಿತ್ತು. ಸುತ್ತಲಿನ ನಾಲ್ಕು ಹಳ್ಳಿಯಲ್ಲಿ ಸಾವಾದರೆ, ಆಕಿ ಬಂದು ದನಿ ತೆಗೆದ ಮೇಲೇ ಗಂಡಸರ ಕಣ್ಣಲ್ಲಿ ನೀರು ಬರೋದು ಎನ್ನುತ್ತಿದ್ದರು.

ಆಲ್ಬಮ್ಮಿನಲ್ಲಿ ಹಾಡಿನ ಹೆಸರು ‘ಬೀಸೋ ಪದ’. ಮೊದಲು ಅವ್ವನ ದನಿ ಒಂದೇ ಬರುತ್ತದೆ, ಆಮೇಲೆ ಕೆಳಗಿನಿಂದ ಢಬ್ ಢಬ್ ಶುರುವಾಗುತ್ತದೆ, ಏರುತ್ತ ಏರುತ್ತ ಹೋಗಿ ಒಮ್ಮೆಲೇ ಎಲ್ಲ ನಿಂತು, ಅವ್ವ ಉಸಿರೆಳೆಯುವ ಸಪ್ಪಳ ಮಾತ್ರ ಕೇಳುತ್ತದೆ. ಮರುಕ್ಷಣ ಧಡಲ್ ಎಂದು ಎಲ್ಲ ವಾದ್ಯ ಮೈಮೇಲೆ ಬೀಳುತ್ತದೆ. ಅದಕ್ಕೆ ಡ್ರಾಪ್ ಎನ್ನುತ್ತಾರೆ. ಆ ಡ್ರಾಪಿಗೆ ಜನ ಹುಚ್ಚಾದರು.

ಹಾಡಿನ ಕೆಳಗೆ ಏನೇನು ಬರೆಯುತ್ತಿದ್ದರು! ಪುಣೆಯ ಒಬ್ಬ ಈ ಹಾಡು ಹಾಕಿಕೊಂಡು ಜಿಮ್ಮಿನಲ್ಲಿ ಹಿಂದೆಂದೂ ಎತ್ತದ ಭಾರ ಎತ್ತಿದನಂತೆ. ಘೋಟಿಯ ಹೆದ್ದಾರಿ ಧಾಬಾದವನು ದಿನಕ್ಕೆ ಹತ್ತು ಸಲ ಹಚ್ಚುತ್ತಾನಂತೆ. ಹಳೆಯ ಆಲ್ಬಮ್ಮಿನ ಖದರೇ ಬೇರೆ, ಇದರಲ್ಲಿ ಅಜ್ಜಿಯನ್ನು ಬಿಟ್ಟರೆ ಏನಿಲ್ಲ ಎಂದು ಮೂಗು ಮುರಿದವರೂ ಇದ್ದರು. ಅವರಿಗೆ ಉಳಿದವರು ಮುಗಿಬಿದ್ದು ಉತ್ತರ ಕೊಡುತ್ತಿದ್ದರು. ಮರಾಠಿ, ಹಿಂದಿ, ಇಂಗ್ಲಿಷಿನವೆಲ್ಲ ಮಗಳೇ ಓದಿಕೊಳ್ಳುತ್ತಿದ್ದಳು. ಕನ್ನಡದವು ನನ್ನ ಪಾಲು. ಮೊಬೈಲಿನ ಅನುವಾದಕ್ಕೆ ಕೊಟ್ಟರೆ ನಮ್ಮ ಕಡೆಯ ಮಾತು ಅಡ್ಡಾದಿಡ್ಡಿಯಾಗುತ್ತದೆ, ನೀನೇ ಸರಿ ಎನ್ನುತ್ತಿದ್ದಳು. ‘ನಮ್ಮಜ್ಜಿ ನೆನಪಾದಳು’, ‘ಯಾವ ಊರ ಅಮ್ಮಾರ್ರಿ ಇವರು?’ ಇಂಥವನ್ನು ಒಂದು ಕಡೆ ಕುಕ್ಕರ್ ಕೂಗಿಸುತ್ತ ಓದಿ ಹೇಳುತ್ತಿದ್ದೆ. ಇವತ್ತು ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಅಷ್ಟು ಖುಷಿ, ನನ್ನ ಮೈಯಲ್ಲಿ ಅಷ್ಟು ದಣಿವು. ನಾಳೆ ಎನ್ನುತ್ತಿದ್ದೆ.

ಹೀಗಿರುವಾಗ ನಿಫಾಡ್ ಕಡೆಯ ಯಾರದೋ ಮದುವೆಮನೆಯ ವಿಡಿಯೋ ಬಂತು. ಹಳದಿ ಶಾಸ್ತ್ರ. ಮದುಮಗಳ ಕೆನ್ನೆಗೆ ಅರಿಶಿನ, ಸುತ್ತ ಹಳದಿ ಸೀರೆಯ ಹುಡುಗಿಯರು, ಹಿಂದೆ ನನ್ನ ಅವ್ವನ ಸಾವಿನ ಪದ. ಡ್ರಾಪು ಬಿದ್ದಾಗ ಮದುಮಗಳೂ ಎದ್ದು ಕುಣಿದಳು. ಯವ್ವಾ ಶಿವನೇ, ಹಸಿ ಅರಿಶಿನದ ಮೈಗೆ ಯಾರಾದರೂ ಇದನ್ನು ಕೇಳಿಸುತ್ತಾರೆಯೇ!

ಮರುದಿನ ಆ ವಿಡಿಯೋದ ಕೆಳಗೆ ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು ಬರೆದಳು: ‘ಇದು ಬೀಸೋ ಪದ ಅಲ್ರಿ. ಸತ್ತವರ ಮುಂದ ಅಳೋದ್ರಿ ಇದು. ಹಳದಿ ಹಚ್ಚೋ ಮುಂದ ಇದನ್ನ ಹಾಕಬ್ಯಾಡ್ರಿ, ನಿಮಗ ಕೈ ಮುಗೀತೀನಿ.’

ಫೋಟೋ ನನಗೆ ಬಂತು. ‘ಮಮ್ಮಿ, ಏನ್ ಬರದಾರ?’

ಬಸ್ಸಿನಲ್ಲೇ ಇದ್ದೆ. ಸೊಂಟ ಹಿಡಿದುಕೊಂಡಿತ್ತು. ಈಗ ಬಾಯಿಬಿಟ್ಟರೆ ಅದರ ಹಿಂದಿನದನ್ನೆಲ್ಲ ಹೇಳಬೇಕಾಗುತ್ತದೆ ಎಂದು ಹೆದರಿದೆ. ‘ಭಾಳ ಚೆಂದ ಅದ, ಕೈ ಮುಗೀತೀನಿ ಅಂತ ಬರದಾರ’ ಎಂದು ಕಳಿಸಿದೆ.

ಪಾಪ, ಹುಡುಗಿ ನಂಬಿದಳು. ಆ ಕಾಮೆಂಟಿಗೆ ಕೆಂಪು ಹೃದಯ ಒತ್ತಿ, ‘ಥ್ಯಾಂಕ್ಯೂ ಅಕ್ಕಾ, ಇನ್ನೂ ಜೋರಾಗಿ ಕುಣೀರಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಟ್ಟಳು.

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಸಾವಿನ ಅಳು ಎಂದು ಕೈಮುಗಿದು ಹೇಳಿದರೂ ಕುಣೀರಿ ಅನ್ನುತ್ತಾಳಲ್ಲ, ಎಂಥ ಕಟುಕ ಹೆಣ್ಣಿದು ಎಂದರು. ಯಾರದೋ ಮನೆಯ ಸಾವಿಗೆ ಹೋಗಿ ಕದ್ದು ರೆಕಾರ್ಡು ಮಾಡಿದ್ದಾಳೆ ಎಂದರು. ನಿನ್ನೆಯವರೆಗೆ ಅಜ್ಜಿ ಅಜ್ಜಿ ಎಂದು ಕುಣಿದವರೇ ಈಗ ಅಜ್ಜಿಯ ಪರವಾಗಿ ನನ್ನ ಮಗಳನ್ನು ಬೈದರು. ಭಾನುವಾರ ಸಂಜೆ ಸಂಭಾಜಿನಗರದ ಒಂದು ಕೆಫೆಯ ಮಾಳಿಗೆಯ ಮೇಲೆ ಅವಳು ಆ ಆಲ್ಬಮ್ ನುಡಿಸುವುದಿತ್ತು. ಬಂದು ನಿಲ್ಲಿಸುತ್ತೇವೆ ಎಂದು ಇಬ್ಬರು ಮೂವರು ಬರೆದರು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಅಳುತ್ತಿದ್ದಳು. ಅಳುವಾಗ ಅವಳಿಗೆ ಮರಾಠಿಯೇ ಬರುವುದು.

‘ಮಮ್ಮಿ, ಸಗಳೇ ಮಲಾ ಶಿವ್ಯಾ ದೇತಾಯತ್. ಎಲ್ಲಾರೂ ಬೈಲತ್ತಾರ. ನಾ ಏನ್ ಮಾಡೀನಿ? ನೀ ಅಂತೂ ಛಲೋ ಬರದಾರ ಅಂದಿದ್ದಿ!’

‘ನಾಳೆ ನಾ ಬರ್ತೀನಿ’ ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಹೇರಿದವಳು ನಾನು, ಅದನ್ನು ಹೊತ್ತು ನಿಂತವಳು ಅವಳು.

ಭಾನುವಾರ ಬೆಳಿಗ್ಗೆ ನಾಶಿಕದಲ್ಲಿ ಲಾಲ್ ಪರಿ ಹತ್ತಿದೆ. ನಮ್ಮ ಕೆಂಪು ಎಸ್‌ಟಿ ಬಸ್ಸನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಹೆಸರು ಪರಿ, ಅಂದರೆ ಅಪ್ಸರೆ; ಕುಲುಕಾಟ ಎತ್ತಿನ ಗಾಡಿಯದು. ಯೇವಲಾದವರೆಗೆ ಈರುಳ್ಳಿ ಟ್ರ್ಯಾಕ್ಟರುಗಳ ಹಿಂದೆಯೇ ತೆವಳಿತು. ದಾರಿಯುದ್ದಕ್ಕೂ ಹೇಗೆ ಶುರು ಮಾಡಲಿ ಎಂದು ಮಾತು ಜೋಡಿಸಿಕೊಂಡೆ. ವೈಜಾಪುರ ದಾಟುವಷ್ಟರಲ್ಲಿ ಜೋಡಿಸಿದ್ದೆಲ್ಲ ಮರೆತು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದೆ. ಇಂಥ ದಿನವೂ ನಿದ್ದೆ ಬರುತ್ತದಲ್ಲ ನಿನಗೆ ಎಂದು ಎಚ್ಚರವಾದ ಮೇಲೆ ನನಗೆ ನಾನೇ ಬೈದುಕೊಂಡೆ.

ಅವಳ ಕೋಣೆ ವೇರೂಳಿಗೆ ಹೋಗುವ ರಸ್ತೆಯಲ್ಲಿ, ಮೂರನೆಯ ಮಹಡಿ. ಬಾಗಿಲು ತೆರೆದಾಗ ಅವಳ ಕಣ್ಣು ಬಾತುಹೋಗಿದ್ದವು. ಸಂಜೆಯ ಕಾರ್ಯಕ್ರಮ ಕೆಫೆಯವರೇ ಬೇಡ ಎಂದರಂತೆ ಎನ್ನುತ್ತ ನೀರು ಕೊಟ್ಟಳು. ಕುಡಿದು, ಲೋಟ ಕೆಳಗಿಟ್ಟು, ಒಂದೇ ಉಸಿರಿಗೆ ಹೇಳಿಬಿಟ್ಟೆ.

‘ಆ ಕಲಬುರಗಿ ಅಕ್ಕ ಬರದದ್ದು ಖರೇ ಅದ. ಅದು ಸತ್ತವರ ಮುಂದ ಅಳೋ ಪದ. ನಂಗ ಮೊದಲೇ ಗೊತ್ತಿತ್ತು. ನಾನೇ ನಿನಗ ಸುಳ್ಳ ಹೇಳೀನಿ, ಎರಡು ಸಲ.’

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ‘ಯಾಕ?’ ಎಂದಷ್ಟೇ ಕೇಳಿದಳು. ಆಮೇಲೆ, ‘ಅಜ್ಜಿ ಯಾರ ಸಲುವಾಗಿ ಅಳ್ತಿದ್ದಳು?’

‘ನನ್ನ ಸಲುವಾಗಿ’ ಎಂದೆ.

ಅವಳಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಬೇಕಾಯಿತು. ಅವ್ವನ ತಲೆಯಲ್ಲಿ ಉಳಿದ ಮಗಳು ಇಪ್ಪತ್ತೆರಡರ ಹುಡುಗಿ, ಮದುವೆಯಾಗಿ ಗಾಡಿ ಹತ್ತಿ ನಾಶಿಕಕ್ಕೆ ಹೋದವಳು. ಹೋದವಳು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಬಂದರೂ ಎರಡೇ ದಿನ. ನೆನಪು ಹೋದ ಮೇಲೆ ಅವ್ವ ಅದಕ್ಕೆ ತನಗೆ ತೋಚಿದ ಕಾರಣ ಹಚ್ಚಿಕೊಂಡಳು. ಮಗಳು ಬರುತ್ತಿಲ್ಲವೆಂದರೆ ಸತ್ತಿದ್ದಾಳೆ. ಎದುರಿಗೆ ಕೂತು ಅನ್ನ ಕಲಸುವ, ಅರ್ಧ ತಲೆ ನೆರೆತ ಹೆಂಗಸು ಯಾರೋ ಬೇರೆ. ‘ಜ್ವಾಳಾ ಬೀಸಿದ ಕೈಯೆಲ್ಲಿ ನನ ಮಗಳ, ಗಾಡಿ ಹತ್ತಿ ಹ್ವಾದಾಕಿ ಹೊಳ್ಳಿ ನೋಡಲಿಲ್ಲ’ ಎಂದು ಅವಳು ನನ್ನ ಮುಂದೆ ಕೂತು ನನಗಾಗಿ ಅಳುತ್ತಿದ್ದಳು.

‘ಮತ್ತ ನೀ ಹೇಳಲಿಲ್ಲ ಏನು? ನಾನೇ ನಿನ್ನ ಮಗಳು, ಇಲ್ಲೇ ಇದ್ದೀನಿ ಅಂತ?’

‘ಹೇಳಿದ್ದೆ. ಮೊದಲು ಮೊದಲು ದಿನಾ ಹೇಳಿದ್ದೆ’ ಎಂದೆ. ‘ಹೇಳಿದಾಗೊಮ್ಮೆ ಹೆದರತಿದ್ದಳು. ಆಮ್ಯಾಲ ನಂಗ ಸಾಕಾಯ್ತು.’

ಮಗಳು ಕಂಪ್ಯೂಟರಿನ ಮುಂದೆ ಹೋಗಿ ಕೂತು, ‘ಮಮ್ಮಿ, ಪೂರ್ತಿ ರೆಕಾರ್ಡಿಂಗಿನ ಕೊನೀಗೆ ನಿನ್ನ ದನಿ ಅದ. ನಾ ಅದನ್ನ ಕಟ್ ಮಾಡಿದ್ದೆ. ಆಗ ನಂಗ ತಿಳೀಲಿಲ್ಲ’ ಎಂದಳು. ನನಗೆ ಬೇಡವಾಗಿತ್ತು. ಬೇಡ ಎನ್ನುವಷ್ಟರಲ್ಲಿ ಒತ್ತಿದ್ದಳು.

ಢಬ್ ಢಬ್ ಇಲ್ಲ, ಏನಿಲ್ಲ. ಬರೀ ಅಡುಗೆಮನೆ. ಅವ್ವನ ರಾಗ ನಿಲ್ಲುತ್ತದೆ. ತಾಟು ನೆಲಕ್ಕೆ ತಾಗುವ ಸಪ್ಪಳ. ಅವ್ವ ಕೇಳುತ್ತಾಳೆ, ‘ಯಾರವ್ವ ನೀ?’

‘ಕೆಲಸದಾಕಿ ಇದ್ದೀನ್ರಿ’ ಎನ್ನುತ್ತದೆ ನನ್ನ ದನಿ. ಎಷ್ಟು ಸಲೀಸಾಗಿ!

‘ನಿನ್ನ ಕೈ ನನ್ನ ಮಗಳ ಕೈ ಇದ್ದಂಗ ಅವ ನೋಡು.’

‘ಉಣ್ಣರಿ ಅಮ್ಮಾ, ತಣ್ಣಗಾಗ್ತದ.’

ಅಲ್ಲಿಗೆ ಮುಗಿಯಿತು.

ಆ ಮಾತು ಅವಳು ಆಡಿದ್ದಳೆಂದು ನನಗೆ ನೆನಪೇ ಇರಲಿಲ್ಲ. ಗುರುತು ಹಿಡಿಯಲು ಅವ್ವ ಒಂದು ಹೆಜ್ಜೆ ಮುಂದೆ ಬಂದಿದ್ದಳು, ನಾನು ಅನ್ನ ತಣ್ಣಗಾಗುತ್ತದೆ ಎಂದಿದ್ದೆ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿ ಅತ್ತೆ. ಅವ್ವ ಹೋದ ದಿನ ಇಷ್ಟು ಅತ್ತಿರಲಿಲ್ಲ. ಅವತ್ತು ಬಂದವರಿಗೆ ಚಹಾ ಮಾಡುವುದಿತ್ತು.

ಮಗಳು ಪಕ್ಕಕ್ಕೆ ಬಂದು ಕೂತಳು. ಆಮೇಲೆ ತನ್ನ ಮೊಬೈಲು ನನ್ನ ಕೈಗೆ ಕೊಟ್ಟು, ‘ಆ ಅಕ್ಕಗ ನೀನೇ ಬರೀ, ಕನ್ನಡದಾಗ. ಬರದು ನಂಗ ಓದಿ ತೋರಸು’ ಎಂದಳು. ‘ಖರೇ ಖರೇ ಓದು’ ಎಂದು ಸೇರಿಸಿದಳು. ಆ ಮಾತು ಚುಚ್ಚಿತು. ಚುಚ್ಚಲಿ, ಮಾಡಿದ್ದುಣ್ಣೋ ಮಹರಾಯ.

ಕನ್ನಡಕ ಒರೆಸಿಕೊಂಡು ಒಂದೊಂದೇ ಅಕ್ಷರ ಹುಡುಕಿ ಬರೆದೆ. ಆಮೇಲೆ ಗಟ್ಟಿಯಾಗಿ, ಒಂದು ಮಾತೂ ಹೆಚ್ಚುಕಡಿಮೆ ಮಾಡದೆ ಓದಿದೆ.

‘ತಂಗಿ, ನೀವು ಹೇಳಿದ್ದು ಖರೇ ಅದರಿ. ಇದು ಅಳೋ ಪದಾನೇ. ಹಾಡಿದಾಕಿ ನಮ್ಮವ್ವ. ಮಗಳು ಸತ್ತಾಳ ಅಂತ ತಿಳದು ಅತ್ತಾಳ. ಆ ಮಗಳು ನಾನೇ. ಅವತ್ತು ಎದುರಿಗೇ ಕುಂತಿದ್ದೆ, ನಾನು ಇದ್ದೀನವ್ವಾ ಅನ್ನಲಿಲ್ಲ. ಹಾಡು ಮಾಡಿದ ಹುಡುಗೀಗೂ ಬೀಸೋ ಪದ ಅಂತ ಸುಳ್ಳ ಹೇಳಿದಾಕಿ ನಾನೇ. ಆಕೀಗೆ ಬೈಬ್ಯಾಡ್ರಿ. ಬೈಯೋದಿದ್ರ ನಂಗ ಬೈರಿ, ನಾ ಇನ್ನೂ ಇದ್ದೀನಿ.’