ಬರ್ತೀನಿ ಎಂದವರ ಕಾದಂಬರಿ

ಕಳೆದ ಶನಿವಾರ ಅಡಿಲೇಡ್‌ನ ಒಂದು ದಿನಸಿ ಅಂಗಡಿಯಲ್ಲಿ ಹೆಸರುಬೇಳೆ ಹುಡುಕುತ್ತಿದ್ದೆ. ಕೆಳಗಿನ ಸಾಲಿನಲ್ಲಿ ಒಣಗಿಸಿದ ಹಿಪ್ಪುನೇರಳೆ ಹಣ್ಣಿನ ಪೊಟ್ಟಣಗಳಿದ್ದವು. ಒಂದರ ಮೂಲೆ ಹರಿದಿತ್ತು. ಬಗ್ಗಿದ ಕೂಡಲೇ ಒಣಹುಲ್ಲಿಗೆ ಬೆಲ್ಲ ಬೆರೆತಂಥ ಆ ವಾಸನೆ ಮೂಗಿಗೆ ಬಡಿದು, ಬೇಳೆ ಮರೆತೇಹೋಯಿತು. ನಾನು ರಾಮನಗರದ ಕಡೆಯವಳು. ನಮ್ಮಲ್ಲಿ ಆ ಗಿಡದ ಸೊಪ್ಪು ರೇಷ್ಮೆಹುಳುವಿಗೆ, ಹಣ್ಣು ಮಕ್ಕಳ ಬಾಯಿಗೆ. ಅದನ್ನು ಒಣಗಿಸಿಟ್ಟುಕೊಂಡು ಟೀ ಜೊತೆ ತಿನ್ನುವವರಿದ್ದಾರೆಂದು ನನಗೆ ಗೊತ್ತಾದದ್ದು ಬ್ರಿಸ್ಬೇನ್‌ನಲ್ಲಿ, ರನ್‌ಕಾರ್ನ್‌ನ ನಮ್ಮ ಎದುರುಮನೆಯ ಮೇಷ್ಟ್ರಿಂದ.

ಅವರು ಕಾಬೂಲಿನವರು. ಅಲ್ಲಿ ಹೈಸ್ಕೂಲಿನಲ್ಲಿ ಇತಿಹಾಸ ಹೇಳುತ್ತಿದ್ದವರು, ನಿರಾಶ್ರಿತರ ವೀಸಾದಲ್ಲಿ ಹೆಂಡತಿಯೊಡನೆ ಬಂದಿದ್ದರು. ನಾವು ಆ ಬೀದಿಗೆ ಹೋಗುವಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಕಾಬೂಲಿನಲ್ಲೇ ಇದ್ದಳು. ಅಪ್ಪ ಅಮ್ಮ ಹೊರಟಾಗ ಅವಳಿಗೆ ಆಗಷ್ಟೇ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಬಿಟ್ಟು ಬರಲು ಒಪ್ಪಲಿಲ್ಲವಂತೆ. ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳಲಿಲ್ಲ, ಅಂಕಲ್ ಎನ್ನಲೂ ಮನಸ್ಸಾಗಲಿಲ್ಲ. ಮೊದಲ ದಿನವೇ ಮೇಷ್ಟ್ರೇ ಎಂದೆ. ಅದೇನೋ ಪದವಿ ಎಂದುಕೊಂಡು ಅವರು ಬೆನ್ನು ನೆಟ್ಟಗೆ ಮಾಡಿದರು.

ಮಾತು ಶುರುವಾದದ್ದೂ ತಮಾಷೆಯಾಗಿಯೇ. ನಾನು ಅಂಗಳದಲ್ಲಿ ನಿಂತು ಫೋನಿನಲ್ಲಿ ಗಂಡನಿಗೆ "ಮನೆಯೆಲ್ಲಾ ಖಾಲಿ ಖಾಲಿ" ಎನ್ನುತ್ತಿದ್ದೆ. ಅವನು ಭೂವಿಜ್ಞಾನಿ, ಪರ್ತ್‌ಗೆ ಹಾರಿ, ಅಲ್ಲಿಂದ ಗಣಿಗೆ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಫೋನಿಟ್ಟಾಗ ರಸ್ತೆಯಾಚೆಯಿಂದ ಮೇಷ್ಟ್ರು, "ಖಾಲಿ? ನಿಮ್ಮ ಭಾಷೆಯಲ್ಲೂ ಖಾಲಿಯೇ?" ಎಂದು ಇಂಗ್ಲಿಷಿನಲ್ಲಿ ಕೂಗಿದರು. ನಮ್ಮ ಬಾಕಿ, ತಯಾರು, ವಾಪಸ್ಸು ಎಲ್ಲ ಅವರ ಫಾರ್ಸಿಯಲ್ಲೂ ಇದ್ದವು. ಅವತ್ತೇ ಟೀಗೆ ಕರೆದರು.

ಕಾದಂಬರಿಯ ವಿಷಯ ತಿಳಿದದ್ದು ಮೂರನೆಯ ಸಲವೋ ನಾಲ್ಕನೆಯ ಸಲವೋ... ಅವರು ತಮ್ಮ ಭಾಷೆಯಲ್ಲಿ ಕಾದಂಬರಿ ಬರೆಯುತ್ತಿದ್ದರು. ಕಾಬೂಲಿನ ಒಂದೇ ಮನೆ, ಅಂಗಳದಲ್ಲಿ ಒಂದು ಹಿಪ್ಪುನೇರಳೆ ಮರ, ಮೂರು ತಲೆಮಾರು. ಅದು ಇಂಗ್ಲಿಷಿಗೆ ಬರಬೇಕೆಂದು ಅವರಿಗೆ ಆಸೆ. ನಾನು ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ಶನಿವಾರ ಮಧ್ಯಾಹ್ನಗಳಲ್ಲಿ ಅವರು ಓದುತ್ತಾ ತಮ್ಮ ಹರುಕು ಇಂಗ್ಲಿಷಿನಲ್ಲಿ ಹೇಳುವುದು, ನಾನು ತಿದ್ದಿ ಟೈಪ್ ಮಾಡುವುದು ಎಂದಾಯಿತು.

ಕಾದಂಬರಿಯ ಅಜ್ಜ ರಾಜನ ಕಾಲದ ಅಂಚೆ ಗುಮಾಸ್ತ. ಅವನ ಹಿರಿಯ ಮಗನ ಮದುವೆ ರಷ್ಯದ ಟ್ಯಾಂಕುಗಳು ಬಂದ ಚಳಿಗಾಲದಲ್ಲಿ. ಮೊಮ್ಮಗಳು ಹುಟ್ಟುವುದು ಊರಿನ ಮೇಲೆ ಊರಿನವರೇ ರಾಕೆಟ್ ಹಾರಿಸುತ್ತಿದ್ದ ದಿನಗಳಲ್ಲಿ. ಐದನೇ ಅಧ್ಯಾಯದಲ್ಲಿ ಹೆಣ್ಣುಮಕ್ಕಳ ಶಾಲೆಗಳಿಗೆ ಬೀಗ ಬೀಳುತ್ತದೆ, ಆ ಹುಡುಗಿ ಅಡುಗೆಮನೆಯಲ್ಲಿ ಕದ್ದು ಅಕ್ಷರ ಕಲಿಯುತ್ತಾಳೆ. ಅಮೆರಿಕದ ಸೈನ್ಯ ಬಂದ ಮೇಲೆ ಶಾಲೆಗೆ ಹೋಗಿ, ಕೊನೆಗೆ ತಾನೇ ಟೀಚರಾಗುತ್ತಾಳೆ. ಆ ಮೊಮ್ಮಗಳು ಯಾರೆಂದು ನನಗೆ ಬೇಗ ಗೊತ್ತಾಯಿತು. ಮೇಷ್ಟ್ರು ಫೋನಿನಲ್ಲಿ ಮಗಳನ್ನು ಗದರಿಸುತ್ತಿದ್ದ ದನಿಯಲ್ಲೇ ಪುಸ್ತಕದ ಹುಡುಗಿಯನ್ನೂ ಗದರಿಸುತ್ತಿದ್ದರು.

ನನ್ನ ಹಾಳು ಉದ್ಯೋಗದ ಬುದ್ಧಿ ಅಲ್ಲೂ ಸುಮ್ಮನಿರಲಿಲ್ಲ. "ಮೇಷ್ಟ್ರೇ, ಇಲ್ಲೊಂದು ಬಗ್ ಇದೆ. ಹೋದ ಅಧ್ಯಾಯದಲ್ಲಿ ಈ ಎರಡನೇ ಮಗನಿಗೆ ಇಪ್ಪತ್ತು ವರ್ಷ, ಈಗ ಹದಿನೇಳು" ಎಂದೆ ಒಮ್ಮೆ.

"ಬಗ್ ಅಲ್ಲ," ಎಂದರು. "ಸೈನ್ಯಕ್ಕೆ ಎಳ್ಕೊಂಡು ಹೋಗ್ತಿದ್ದ ಕಾಲ ಅದು. ಕಾಬೂಲಲ್ಲಿ ಎಲ್ಲಾ ತಾಯಂದಿರೂ ಮಕ್ಕಳ ವಯಸ್ಸು ಇಳಿಸಿದ್ರು."

ಆಮೇಲೆ ವಯಸ್ಸಿನ ಸುದ್ದಿಗೆ ಹೋಗಲಿಲ್ಲ.

ಆದರೆ ಬಗ್ ನನ್ನಲ್ಲೂ ಇತ್ತು. ಪ್ರತಿ ಸಲ ಅವರ ಮನೆಯಿಂದ ಏಳುವಾಗ ನಾನು ಇಂಗ್ಲಿಷಿನಲ್ಲಿ, "ಓಕೆ ಮೇಷ್ಟ್ರೇ, ಐ ವಿಲ್ ಕಮ್" ಎನ್ನುತ್ತಿದ್ದೆ. ಹೊರಡುವಾಗ ಹೋಗ್ತೀನಿ ಎನ್ನಬಾರದು, ಬರ್ತೀನಿ ಎನ್ನಬೇಕು. ಹಾಗೆ ಬೆಳೆದ ನಾಲಿಗೆ ಯಾವ ಭಾಷೆಯಲ್ಲಾದರೂ ಅದನ್ನೇ ಹೇಳುತ್ತದೆ. ಒಂದು ಶನಿವಾರ ಮನೆ ಸೇರಿದ ಸ್ವಲ್ಪ ಹೊತ್ತಿಗೆ ಕನ್ನಡಕ ಮರೆತದ್ದು ನೆನಪಾಗಿ ವಾಪಸ್ಸು ಹೋದೆ. ಮೇಜಿನ ಮೇಲೆ ಹೊಸದಾಗಿ ಟೀ ಇತ್ತು, ತೊಳೆದ ಲೋಟಗಳಿದ್ದವು, ಮೇಷ್ಟ್ರು ಬಾಗಿಲಿಗೆ ಮುಖ ಮಾಡಿ ಕೂತಿದ್ದರು. "ಇವತ್ತು ಬಂದ್ರಿ!" ಎಂದರು. ನಾನು ಬರುತ್ತೇನೆ ಎಂದದ್ದನ್ನು ನಂಬಿ ಅಷ್ಟು ವಾರವೂ ಕಾದಿದ್ದರಂತೆ. ನಾಚಿಕೆಯಿಂದ ಎಲ್ಲ ವಿವರಿಸಿದೆ. ನಕ್ಕೂ ನಕ್ಕೂ ಅವರಿಗೆ ಕೆಮ್ಮು ಬಂತು. ಆಮೇಲೆ, "ಹಾಗಾದ್ರೆ ನಿಮ್ಮಲ್ಲಿ ಯಾರೂ ಹೋಗೋದೇ ಇಲ್ವಾ?" ಎಂದು ಕೇಳಿದರು.

ಮುಂದಿನ ವಾರ ನೋಡಿದರೆ ಕಾದಂಬರಿಯನ್ನು ಮೊದಲಿನಿಂದ ತಿದ್ದಲು ಕೂತಿದ್ದಾರೆ. ವಿಚಾರಣೆಗೆಂದು ಜೀಪಿನಲ್ಲಿ ಒಯ್ದ ಅಜ್ಜ, ಸೈನ್ಯಕ್ಕೆ ಸಿಕ್ಕಿಬಿದ್ದ ಎರಡನೇ ಮಗ, ಇರಾನಿಗೆ ಕೂಲಿಗೆ ಹೋದ ಅವನ ತಮ್ಮ, ಹೊಸ್ತಿಲು ದಾಟುವ ಪ್ರತಿಯೊಬ್ಬರೂ ಈಗ "ಬರ್ತೀನಿ" ಎನ್ನುತ್ತಿದ್ದರು. ಆ ಪದವನ್ನು ಕನ್ನಡದಲ್ಲೇ ಬಿಡಬೇಕೆಂದು ಹಟ. ನನಗೆ ರೇಗಿತು. ಕಾಬೂಲಿನ ಅಂಚೆ ಗುಮಾಸ್ತ ಕನ್ನಡ ಮಾತಾಡಿದರೆ ಓದುವವರು ನಗುವುದಿಲ್ಲವೇ? ಅದೂ ಹೋಗಲಿ, ಇವರ್ಯಾರೂ ತಿರುಗಿ ಬರುವುದಿಲ್ಲವಲ್ಲ, ಇದು ಸುಳ್ಳಲ್ಲವೇ ಎಂದೆ.

"ನಿಮ್ಮೂರಲ್ಲಿ ಹಾಗೆ ಹೇಳಿ ಹೋದವರೆಲ್ಲಾ ಬಂದಿದ್ದಾರಾ?" ಎಂದರು. ಆ ಪದವನ್ನು ಹಾಗೇ ಟೈಪ್ ಮಾಡಿದೆ.

ಕಾದಂಬರಿಗೆ ಒಳ್ಳೆಯ ಕೊನೆಯೇ ಇತ್ತು. ಮೊಮ್ಮಗಳು ಹೆಡ್‌ಮಿಸ್ ಆಗಿ ಶಾಲೆಯ ಗಂಟೆ ಹೊಡೆಸುವಲ್ಲಿಗೆ ಮುಗಿಯಬೇಕಿತ್ತು. ಆ ಅಧ್ಯಾಯದ ಅರ್ಧಕ್ಕೆ ಬಂದಿದ್ದೆವು. ಆಗ ಆ ಆಗಸ್ಟ್ ಬಂತು. ಹಿಂದೆ ಶಾಲೆಗಳಿಗೆ ಬೀಗ ಹಾಕಿದವರೇ ಮತ್ತೆ ಬಂದು ಕಾಬೂಲನ್ನು ಹಿಡಿದರು. ಮೇಷ್ಟ್ರು ಟೀವಿಯ ಮುಂದೆ ಕೂತವರು ಏಳಲಿಲ್ಲ. ವಿಮಾನ ನಿಲ್ದಾಣದ ಗೇಟಿನ ಹೊರಗೆ ಕಾಲುವೆ, ಕಾಲುವೆಯ ಕೊಳಕು ನೀರಿನಲ್ಲಿ ಸೊಂಟದವರೆಗೆ ನಿಂತು ಕಾಗದ ಎತ್ತಿ ತೋರಿಸುತ್ತಿದ್ದ ಜನ. ಅವರಲ್ಲಿ ಅವರ ಮಗಳೂ ಇದ್ದಳು. ಹಗಲೂ ರಾತ್ರಿ ನಿಂತು, ಗೇಟು ತೆರೆಯದೆ, ಒದ್ದೆ ಬಟ್ಟೆಯಲ್ಲಿ ನಡೆದುಕೊಂಡು ಮನೆಗೆ ಹೋದಳು. ಆಮೇಲೆ ವಿಮಾನಗಳೂ ನಿಂತವು.

ವೀಸಾ ಎಂದರೆ ನಮ್ಮವರಿಗೆ ನೀರು ಕುಡಿದಷ್ಟು ಸಲೀಸು ಎಂಬ ಜಂಬ ನನಗಿತ್ತು. ಪಕ್ಕದ ಸನ್ನಿಬ್ಯಾಂಕ್ ಬಡಾವಣೆಯ ಪಾರ್ಕಿನಲ್ಲಿ ಕನ್ನಡದವರ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಇತ್ತು. ಒಲೆಯ ಮೇಲೆ ಪನೀರು, ಬಾಯಲ್ಲಿ ಪಿಆರ್‌ಗೆ, ಇಲ್ಲೇ ನೆಲೆಸುವ ವೀಸಾಕ್ಕೆ, ಬೇಕಾದ ಪಾಯಿಂಟುಗಳ ಲೆಕ್ಕ. ಮೇಷ್ಟ್ರ ಮಗಳ ವಿಷಯ ತೆಗೆದೆ. ಮೈಸೂರಿನ ಒಬ್ಬ ಎಂಜಿನಿಯರಿಗೆ ಉತ್ಸಾಹ ಬಂದುಬಿಟ್ಟಿತು.

"ಟೀಚರ್ ಅಂದ್ರೆ ಬೇಕಾದ ಕೆಲಸಗಳ ಲಿಸ್ಟಲ್ಲೇ ಇದೆ ಕಣ್ರೀ. ಸ್ಕಿಲ್ ಅಸೆಸ್‌ಮೆಂಟ್ ಮಾಡಿಸ್ಲಿ, ಐಇಎಲ್‌ಟಿಎಸ್‌ನಲ್ಲಿ ಇಂಗ್ಲಿಷ್‌ಗೆ ಒಳ್ಳೆ ಸ್ಕೋರ್ ತೆಗೀಲಿ, ಆರಾಮಾಗಿ ಬಂದ್ಬಿಡ್ತಾರೆ."

"ಪರೀಕ್ಷೆ ಎಲ್ಲಿ ಬರೀತಾಳೆ? ಒಬ್ಬಳೇ ಮನೆಯಿಂದ ಆಚೆ ಬರೋ ಹಾಗಿಲ್ವಂತೆ," ಎಂದೆ.

"ಓ..." ಎಂದ ಅವನು. ಇಕ್ಕಳದಿಂದ ಪನೀರಿನ ತುಂಡೊಂದನ್ನು ಮಗುಚಿದ. "ಆನ್‌ಲೈನ್ ಇರ್ಬೇಕು, ಅಲ್ವಾ?" ಎಂದು ಹೆಂಡತಿಯ ಮುಖ ನೋಡಿದ. ಒಳ್ಳೆಯ ಮನುಷ್ಯನೇ. ನಾವೆಲ್ಲ ಒಳ್ಳೆಯವರೇ. ನಮಗೆ ಗೊತ್ತಿದ್ದ ಬಾಗಿಲುಗಳೆಲ್ಲ ಡಿಗ್ರಿ ಇರುವವರು ಸಾಲಿನಲ್ಲಿ ನಿಂತು ಹೋಗುವಂಥವು, ಅಷ್ಟೇ.

ಮಾನವೀಯ ನೆಲೆಯ ವೀಸಾಕ್ಕೆ ಅರ್ಜಿ ಹಾಕಿದೆವು. ಅರ್ಜಿ ತಲುಪಿದೆ, ಬಹಳ ಜನ ಕಾಯುತ್ತಿದ್ದಾರೆ, ಮತ್ತೆ ಮತ್ತೆ ವಿಚಾರಿಸಬೇಡಿ ಎಂದು ಉತ್ತರ ಬಂತು. ಎಂಪಿಯ ಕಚೇರಿಗೆ ಹೋದೆವು. ಅಲ್ಲಿನ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಅದನ್ನೇ ಹೇಳಿದಳು. ಒಂದು ಚಳಿಗಾಲ ಕಳೆಯಿತು, ಇನ್ನೊಂದು ಬಂತು. ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲವೆಂಬ ಸಿಟ್ಟನ್ನು ಗಂಡನ ಮೇಲೆ, ಆಫೀಸಿನವರ ಮೇಲೆ, ಸಿಕ್ಕ ಸಿಕ್ಕವರ ಮೇಲೆ ತೀರಿಸಿಕೊಂಡೆ.

ಕಾದಂಬರಿಯ ಗಂಟೆ ಹೊಡೆಯುವ ಅಧ್ಯಾಯವನ್ನು ಮೇಷ್ಟ್ರು ತೆಗೆದುಹಾಕಿದ್ದರು. ಅದರ ಜಾಗದಲ್ಲಿ ಮೊಮ್ಮಗಳನ್ನು ಆ ಗೇಟಿನ ಹತ್ತಿರ, ಕಾಲುವೆಯಲ್ಲಿ ನಿಲ್ಲಿಸಿದ್ದರು. ವಾಕ್ಯ ಅಲ್ಲಿಗೆ ನಿಂತದ್ದು ಮುಂದೆ ಹೋಗಲಿಲ್ಲ. ವಾರ ವಾರವೂ ನಾನು ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆ, ಅವರು ಟೀ ಸೋಸುತ್ತಿದ್ದರು. ಕೊನೆಗೊಂದು ದಿನ ತಡೆಯಲಾರದೆ, "ಮೇಷ್ಟ್ರೇ, ಪುಸ್ತಕದಲ್ಲಾದರೂ ಗೇಟು ತೆಗೆಸಿ. ವಿಮಾನ ಹತ್ತಿಸಿಬಿಡಿ ಅವಳನ್ನ" ಎಂದೆ.

ಅವರು ಟೀ ಸೋಸಿ ಮುಗಿಸಿದರು. ಆಮೇಲೆ, "ಅಲ್ಲಿ ಅವಳನ್ನ ದಾಟಿಸಿಬಿಟ್ರೆ, ಇವನಿಗೆ ಮಗಳು ಸಿಕ್ಕಾಯ್ತು ಅಂತ ದೇವರು ಲೆಕ್ಕ ಹಾಕ್ಕೋತಾನೆ. ಆಮೇಲೆ ಇಲ್ಲಿಗೆ ಯಾಕೆ ಕಳಿಸ್ತಾನೆ?" ಎಂದರು. ಜೀವನವಿಡೀ ಹುಡುಗರಿಗೆ ಕಾರಣ, ಪರಿಣಾಮ ಎಂದು ಇತಿಹಾಸ ಕಲಿಸಿದ ಮನುಷ್ಯ ಹೀಗೆ ಹೇಳಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಮಗಳು ಬರಲಾಗದಿದ್ದರೆ ತಾನೇ ಹೋಗುವುದೆಂದು ಅವರು ತೀರ್ಮಾನಿಸಿದ್ದನ್ನು ನನಗೆ ಹೇಳಿದ್ದು ಟಿಕೆಟ್ ಕೊಂಡ ಮೇಲೆ. ಕೂಗಾಡಿದೆ. ಹೃದಯಕ್ಕೆ ಮಾತ್ರೆ ನುಂಗುವವರು, ಅಲ್ಲಿ ಡಾಕ್ಟರ್ ಯಾರು, ವಾಪಸ್ಸು ಬರಲು ಬಿಡದಿದ್ದರೆ ಏನು ಗತಿ... ಅವರು ಎಲ್ಲಕ್ಕೂ ತಲೆಯಾಡಿಸುತ್ತಾ ಒಣ ಹಣ್ಣಿನ ಬಟ್ಟಲನ್ನು ನನ್ನ ಕಡೆಗೆ ತಳ್ಳಿದರು. ಕೈಬರಹದ ಹಾಳೆಗಳನ್ನು ಅಂಗಳದ ತಗಡಿನ ಡಬ್ಬದಲ್ಲಿ ಸುಟ್ಟರು; ದಾರಿಯಲ್ಲಿ ಯಾರಾದರೂ ತೆರೆದು ಓದಿದರೆ ಮಗಳಿಗೆ ಕಷ್ಟ. ಉಳಿದದ್ದು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಇಂಗ್ಲಿಷ್ ಮಾತ್ರ.

ಬೆಳಗಿನ ವಿಮಾನಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಒಳಗೆ ಹೋಗುವ ಮುಂಚೆ ನನ್ನತ್ತ ತಿರುಗಿ, ಚೆನ್ನಾಗಿ ಅಭ್ಯಾಸ ಮಾಡಿಕೊಂಡಂತೆ, ಕನ್ನಡದಲ್ಲೇ ಹೇಳಿದರು: "ಹೋಗ್ತೀನಿ."

"ಅಯ್ಯೋ, ಹಾಗನ್ನಬಾರದು ಮೇಷ್ಟ್ರೇ! ಬರ್ತೀನಿ ಅನ್ನಿ," ಎಂದೆ.

"ಅದನ್ನ ಮಗಳಿಗೆ ಹೇಳಿದ್ದೀನಿ," ಎಂದರು. "ಇಬ್ಬರಿಗೂ ಹೇಳಕ್ಕಾಗಲ್ಲ."

ಪಾರ್ಕಿಂಗಿನಲ್ಲಿ ಕೂತು ಅತ್ತೆ. ಸೀದಾ ಆಫೀಸಿಗೆ ಹೋಗಿ ಯಾರದೋ ಕೋಡಿನಲ್ಲಿ ತಪ್ಪು ಹುಡುಕಿದೆ. ಬೇರೇನು ಮಾಡುವುದು?

ಅಲ್ಲಿಂದ ಆಗಾಗ ಒಂದೆರಡು ಸಾಲಿನ ಮೆಸೇಜು ಬರುತ್ತಿತ್ತು. ಮರ ಇದೆ, ಈ ಸಲ ಹಣ್ಣು ಕಡಿಮೆ. ಮಗಳು ಬೈಯುತ್ತಾಳೆ. ಒಮ್ಮೆ, "ನಾನು ಮತ್ತೆ ಐದನೇ ಅಧ್ಯಾಯದಲ್ಲಿದ್ದೇನೆ" ಎಂದು ಬರೆದಿದ್ದರು. ಅಡುಗೆಮನೆ, ಕದ್ದು ಕಲಿಯುವ ಹುಡುಗಿಯರು... ನನಗೆ ಅರ್ಥವಾಯಿತು, ಹೆಚ್ಚು ಕೇಳಲಿಲ್ಲ. ಆಮೇಲೆ ಗಂಡನಿಗೆ ಅಡಿಲೇಡ್‌ನಲ್ಲಿ ಆಫೀಸಿನ ಕೆಲಸ ಸಿಕ್ಕಿತು, ನಾವು ಇಲ್ಲಿನ ಗ್ಲೆನೆಲ್ಗ್‌ಗೆ ಬಂದೆವು. ಮೆಸೇಜುಗಳು ವಿರಳವಾಗಿ, ನಿಂತೇ ಹೋದವು.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. "ನಾನು ಮೇಷ್ಟ್ರ ಮಗಳು" ಎಂದಿತು ಒಂದು ಹೆಣ್ಣುದನಿ. ಇಂಗ್ಲಿಷ್ ಮಾತಿನ ನಡುವೆ ಮೇಷ್ಟ್ರು ಎಂಬ ಆ ಒಂದು ಪದ. ಮುಂದಿನದನ್ನು ಅವಳು ಹೇಳಬೇಕಿರಲಿಲ್ಲ. ಚಳಿಗಾಲದಲ್ಲಿ, ತಮ್ಮ ಹಾಸಿಗೆಯಲ್ಲೇ, ನಿದ್ದೆಯಲ್ಲೇ ಹೋದರಂತೆ. ಅವಳ ವೀಸಾ ಅರ್ಜಿಗೆ ಅಷ್ಟರಲ್ಲಿ ಇಲ್ಲ ಎಂಬ ಉತ್ತರ ಬಂದಾಗಿತ್ತು. ಊಟ ಮಾಡ್ತಾ ಇದ್ದೀರಾ ಎಂದು ಕೇಳಿದೆ, ಪೆದ್ದಿಯ ಹಾಗೆ.

"ಅಪ್ಪ ಕಾದಂಬರೀಲಿ ಕೊನೆಗೆ ನನ್ನ ಏನು ಮಾಡಿದ್ದಾರೆ?" ಎಂದು ಕೇಳಿದಳು. "ಎಷ್ಟು ಕೇಳಿದ್ರೂ ಹೇಳಲಿಲ್ಲ."

"ಗೇಟಿನ ಹತ್ತಿರ ನಿಲ್ಲಿಸಿದ್ದಾರೆ."

"ಒಳಗೋ, ಹೊರಗೋ?"

ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. "ಹೊರಗೆ," ಎಂದೆ.

ಅವಳು ಸ್ವಲ್ಪ ನಕ್ಕಂತೆ ಕೇಳಿಸಿತು. "ಅಪ್ಪ ಇತಿಹಾಸದ ಮೇಷ್ಟ್ರು, ಸುಳ್ಳು ಬರೀಲಾರರು. ನೀವು ಬರೀಬಹುದಲ್ಲ? ಒಂದು ಸಾಲು ಸಾಕು. ನನ್ನ ಒಳಗೆ ಕಳಿಸಿಬಿಡಿ."

ಆಗಲಿ ಎಂದೆ. ಅಂದಿನಿಂದ ಎಷ್ಟೋ ಸಲ ಆ ಫೈಲು ತೆರೆದಿದ್ದೇನೆ, ಶನಿವಾರ ಅಂಗಡಿಯಿಂದ ಬಂದ ಮೇಲೂ ತೆರೆದೆ. ಗೇಟು ತೆರೆಯಿತು ಎಂದು ಟೈಪ್ ಮಾಡಿದರೆ ಮೇಷ್ಟ್ರ ದೇವರು ಲೆಕ್ಕ ಹಾಕುತ್ತಿರುವುದು ಕಾಣಿಸುತ್ತದೆ. ಅಳಿಸುತ್ತೇನೆ. ಅಳಿಸಿದರೆ ಅವಳು ನೀರಿನಲ್ಲೇ ನಿಂತಿರುತ್ತಾಳೆ. ಇಷ್ಟು ವರ್ಷಗಳಲ್ಲಿ ಆ ಅಪ್ಪ ಮಗಳಿಗೆಂದು ನಾನು ಇಲ್ಲಿ ಕೂತು ನಿಜಕ್ಕೂ ಮಾಡಬಹುದಾದ ಕೆಲಸ ಅದೊಂದೇ. ಅದೂ ನನ್ನಿಂದ ಆಗುತ್ತಿಲ್ಲ.