ಕದ್ರಿ ಏರಿನಲ್ಲಿ ಹಿಮ್ಮುಖವಾಗಿ

ನಮ್ಮ ಹಳೇ ಕಾರು ಕೆಟ್ಟು ನಿಂತಾಗಲೆಲ್ಲ ಉರ್ವದಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಬಾನೆಟ್ ಎತ್ತುವ ಮೊದಲು, ಜ್ವರ ನೋಡುವವನಂತೆ ಅದರ ಮೇಲೆ ಅಂಗೈಯಿಡುತ್ತಿದ್ದ. ಪ್ಲಗ್ಗಿಗೆ ಮಸಿ ಹಿಡಿದಿರಲಿ, ರೇಡಿಯೇಟರ್ ಸೋರುತ್ತಿರಲಿ, ಅವನದು ಒಂದೇ ಮಾತು: "ರೋಗ ಎಂತದೂ ಇಲ್ಲ." ಅದನ್ನು ಕೇಳಲಿಕ್ಕೇ ಅಪ್ಪ ಅವನನ್ನು ಕರೆಸುತ್ತಿದ್ದರೋ ಏನೋ.

ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಕೈಚೆಲ್ಲಿದ ದಿನ, ಅಮ್ಮನನ್ನು ದಿಂಬಿಗೆ ಒರಗಿಸಿಕೊಂಡು ಬರುವಾಗ ಕದ್ರಿಯ ಏರಿನಲ್ಲಿ ಕಾರು ನಿಂತಿತು. ಅಪ್ಪ ಅವನಿಗೆ ಹೇಳಿ ಕಳಿಸಿದರು.

ಅವನು ಬಂದು ಬಾನೆಟ್ ಮುಟ್ಟಿದ, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ. "ರೋಗ ಎಂತದೂ ಇಲ್ಲ ಧಣಿ. ಪೆಟ್ರೋಲ್ ತಳದಲ್ಲಿ ಸ್ವಲ್ಪ ಉಂಟು, ಏರಿನಲ್ಲಿ ಇಂಜಿನ್ನಿಗೆ ಹರಿಯುವುದಿಲ್ಲ. ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವ, ಆಗ ಟ್ಯಾಂಕ್ ಇಂಜಿನ್ನಿಗಿಂತ ಮೇಲೆ ಬರುತ್ತದೆ."

ಹಿಂದಿನ ಸೀಟಿನಿಂದ ಅಮ್ಮ ಹೇಳಿದಳು: "ನನಗೂ ಒಮ್ಮೆ ಹಾಗೆ ಹೇಳು ಮಾರಾಯ."

ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಸ್ಟಿಯರಿಂಗ್ ಹಿಡಿದ. ಕಾರು ಹಿಮ್ಮುಖವಾಗಿ ಏರುತ್ತಿದ್ದಂತೆ ಊರಿನ ಹೆಂಚುಗಳು, ತೆಂಗುಗಳು, ಕಡಲು ಅಮ್ಮನ ಕಣ್ಣೆದುರೇ ದೂರವಾಗುತ್ತ ಹೋದವು.

ಆಮೇಲೂ ಅವನು ಬರುತ್ತಿದ್ದ. ಬಾನೆಟ್ ಮೇಲೆ ಕೈಯಿಡುತ್ತಿದ್ದ, ಕೆಟ್ಟದ್ದನ್ನು ಸರಿಮಾಡುತ್ತಿದ್ದ. ಆ ಮಾತನ್ನು ಮಾತ್ರ ನಮ್ಮ ಅಂಗಳದಲ್ಲಿ ಮತ್ತೆಂದೂ ಆಡಲಿಲ್ಲ.