ಹತ್ತುವುದು ಮೊದಲನೇ ಹಂತ, ಇಳಿಯುವುದು ಎರಡನೇ ಹಂತ

ಗೆಳೆಯರೇ, ಸವಳಂಗ ರಸ್ತೆಯ ನಮ್ಮ ಫುಟ್‌ಪಾತಿಗೆ ಗಾಲಿಕುರ್ಚಿ ಹತ್ತಲು ಇಳಿಜಾರು ಬಂದಿದೆ. ಇಳಿಯಲು ಬಂದಿಲ್ಲ. ಇಂದು ಬೆಳಿಗ್ಗೆ ಇದನ್ನು ವರದಿ ಮಾಡಿದವರು ಪಕ್ಕದ ಮನೆಯ ವಿಮಲಕ್ಕ. ಫುಟ್‌ಪಾತಿನ ಇನ್ನೊಂದು ತುದಿಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತೇ ನನಗೆ ಫೋನ್ ಮಾಡಿದ್ದರು. ಮುಂದೆ ಮೊಣಕಾಲೆತ್ತರದ ಅಂಚು, ಅದರ ಕೆಳಗೆ ರಸ್ತೆ.

ಅವರು ಹೊಲಿಗೆ ಕೆಲಸ ಮಾಡುವ ಅಂಗಡಿ ರಸ್ತೆಯಾಚೆಗಿದೆ. ಇಷ್ಟು ದಿನ ಅವರ ತಮ್ಮ ಅಲ್ಲಿಗೆ ಬಿಟ್ಟು ಬರುತ್ತಿದ್ದ. ಇಂದು ಮೊದಲ ಸಲ, "ನೀನು ಮಲ್ಕೋ ಮಾರಾಯ, ನಾನೇ ಹೋಗ್ತೀನಿ" ಎಂದು ಒಬ್ಬರೇ ಹೊರಟಿದ್ದರು.

ನಾನು ಹೋಗುವಷ್ಟರಲ್ಲಿ ಕಾಮಗಾರಿಯ ಮೇಸ್ತ್ರಿಯೂ ಬಂದಿದ್ದರು. "ಹತ್ತೋದು ಮೊದಲನೇ ಹಂತ ಅಕ್ಕಾ. ಇಳಿಯೋದು ಎರಡನೇ ಹಂತದಲ್ಲಿದೆ" ಎಂದರು.

"ಹಂಗಾದ್ರೆ ಎರಡನೇ ಹಂತದವರೆಗೂ ಇಲ್ಲೇ ಇರ್ತೀನಿ. ಮಧ್ಯಾಹ್ನಕ್ಕೆ ಊಟ ಕಳಿಸಿಬಿಡಿ" ಎಂದರು ವಿಮಲಕ್ಕ.

"ಅಯ್ಯೋ, ನಮ್ಮ ಹುಡುಗ್ರು ಎತ್ತಿ ಇಳಿಸ್ತಾರೆ ಬಿಡಿ."

"ಎತ್ತೋಕೆ ಮನೇಲಿ ತಮ್ಮ ಇದಾನಲ್ಲ. ನೀವು ಸಿಮೆಂಟ್ ಯಾಕೆ ಹಾಕಿದ್ರಿ?"

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ. ಕೊನೆಗೆ ಅವರು ಉದ್ದನೆಯ ಸೆಂಟ್ರಿಂಗ್ ಹಲಗೆಗಳನ್ನು ತರಿಸಿ ಓರೆಯಾಗಿ ಹಾಸಿ, ಮೊದಲು ತಾವೇ ನಡೆದು ನೋಡಿದರು. ವಿಮಲಕ್ಕ ಯಾರ ಕೈಯನ್ನೂ ಹಿಡಿಯದೆ ಇಳಿದರು. ಮೇಸ್ತ್ರಿ ಕೈ ಅಡ್ಡ ಮಾಡಿ ಶಿಕಾರಿಪುರದ ಬಸ್ಸನ್ನೇ ನಿಲ್ಲಿಸಿದರು. ಆಚೆ ಬದಿಯಲ್ಲಿ ಫುಟ್‌ಪಾತೇ ಇಲ್ಲದ್ದರಿಂದ ಅಲ್ಲಿ ಏನೂ ತೊಂದರೆಯಾಗಲಿಲ್ಲ.

ಸಂಜೆ ವಾಪಸು ಹತ್ತಬೇಕು, ಹಲಗೆ ತೆಗೆಯಬಾರದು ಎಂದು ವಿಮಲಕ್ಕ ಹೇಳಿ ಹೋಗಿದ್ದಾರೆ. ಮೇಸ್ತ್ರಿ ಹೇಳುವ ಪ್ರಕಾರ ಎರಡನೇ ಹಂತ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಶುರು.